ಮಾತ್ರೆ ಡಬ್ಬಿಯ ಮಣ್ಣು

ಚಂದ್ರನ ಮಣ್ಣಿನ ಐಸೋಟೋಪ್ ಅಳೆಯುವುದು ನನ್ನ ಕೆಲಸ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಅದನ್ನೇ ವಿವರಿಸಿದ್ದೆ. ಚಿಟಿಕೆ ಮಣ್ಣಿನ ಆಮ್ಲಜನಕದಲ್ಲಿ ಹಗುರ ಪರಮಾಣು ಎಷ್ಟು, ಭಾರದ್ದೆಷ್ಟು ಎಂದು ನೋಡಿದರೆ ಅದು ಯಾವ ಲೋಕದ್ದೆಂದು ಹೇಳಬಹುದು. ವಿಚಿತ್ರವೆಂದರೆ ಚಂದ್ರನದ್ದೂ ಭೂಮಿಯದ್ದೂ ಒಂದೇ ಲೆಕ್ಕ.

ಭಾಷಣ ಮುಗಿದ ಮೇಲೆ, ಹಿಂದಿನ ಸಾಲಿನಲ್ಲಿ ಕೂತಿದ್ದ ಪಕ್ಕದೂರು ತೋಡಾರಿನ ಬ್ಯಾರಿ ಹಿರಿಯರೊಬ್ಬರು ಕಿಸೆಯಿಂದ ಮಾತ್ರೆ ಡಬ್ಬಿಯೊಂದನ್ನು ತೆಗೆದು ಕೊಟ್ಟರು.

"ಮಗ ಸೌದಿಯ ದಮಾಮಿನಲ್ಲಿ ತೀರಿಹೋದ ಸಾರ್. ಅಲ್ಲಿಯೇ ದಫನ ಆಯ್ತು. ರಜೆಗೆ ಬಂದ ಅವನ ದೋಸ್ತಿಯ ಹತ್ತಿರ ಕಬರಿನ ಮಣ್ಣು ತರಿಸಿದೆ. ಅಲ್ಲಿಯದ್ದೇ ಹೌದಾ, ಮೆಷಿನಿನಲ್ಲಿ ನೋಡ್ತೀರಾ?"

ಮುಚ್ಚಳ ತೆಗೆದೆ. ಮೆಷಿನು ಬೇಕಿರಲಿಲ್ಲ. ಒಳಗಿದ್ದದ್ದು ಮರಳಲ್ಲ, ಕಾಲೇಜಿನ ಅಂಗಳದಲ್ಲಿದ್ದಂಥದ್ದೇ ಕೆಂಪು ಮಣ್ಣು. ದೋಸ್ತಿ ಅಲ್ಲಿ ಮರೆತಿರಬೇಕು, ಬರಿಗೈಯಲ್ಲಿ ಇವರ ಮನೆ ಮೆಟ್ಟಿಲು ಹತ್ತಲು ಆಗದೆ ಇಲ್ಲಿಯದ್ದನ್ನೇ ತುಂಬಿಸಿರಬೇಕು.

ನಾನು ತಲೆ ಎತ್ತಲಿಲ್ಲ. ಅವರೇ ಡಬ್ಬಿ ತೆಗೆದುಕೊಂಡು ಮೆಲ್ಲಗೆ ಮುಚ್ಚಿದರು.

"ಬೇಡ ಸಾರ್. ಚಂದ್ರನದ್ದೇ ನಮ್ಮದರ ಹಾಗೆ ಉಂಟು ಅಂತ ಈಗ ಹೇಳಿದಿರಲ್ಲ. ದಮಾಮಿನದ್ದೂ ಹಾಗೇ ಇರಬಹುದು, ಅಲ್ವಾ?"

"ಇರ್ತದೆ," ಎಂದೆ.

ಮೂರು ಸಲ ಅಳೆಯದೆ ಒಂದು ಅಂಕಿಯನ್ನೂ ಬರೆಯದವನು ನಾನು. ಅಳೆಯದೆ ಕೊಟ್ಟ ಫಲಿತಾಂಶ ಅದೊಂದೇ. ಅದನ್ನು ಇವತ್ತಿಗೂ ತಿದ್ದಿಲ್ಲ.