ನಮ್ಮ ಜೋಡಿನಳಿಗೆಗೆ ಕೂರದ ಟ್ರಿಗರ್

ಆ ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಸುರಿದು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಆ ಚೂರನ್ನು ಎಂದಿನಂತೆ ಸಿಂಕಿನ ಅಂಚಿಗೆ ಅಂಟಿಸಿದ್ದೆ. ಹೊರಗೆ ವಿಜಯನಗರದ ನಮ್ಮ ರಸ್ತೆಯಲ್ಲಿ ಸೊಪ್ಪಿನವಳ ಕೂಗು. ಅಷ್ಟರಲ್ಲಿ ಮೈದುನ ಬಂದ. ಚಪ್ಪಲಿ ಬಿಡದೆ ನೇರ ಊಟದ ಮೇಜಿನವರೆಗೆ ನಡೆದು, ನಾನು ಹೆಚ್ಚಿಟ್ಟಿದ್ದ ಬೀನ್ಸ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಒಂದು ಪಾರ್ಸೆಲ್ ಇಟ್ಟ. ಕಂಕುಳಲ್ಲಿ ಬಟ್ಟೆ ಸುತ್ತಿದ ಅರ, ಸ್ಕ್ರೂಡ್ರೈವರ್.

ಪಾರ್ಸೆಲ್ಲಿನಲ್ಲಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಕರಿಯ ಕಬ್ಬಿಣದ ಡಬ್ಬಿ, ಅದರಿಂದ ಇಳಿಬಿದ್ದ ಒಂದು ಕೊಕ್ಕೆ. ಗನ್ನಿನ ಟ್ರಿಗರ್ ಅಂತೆ. ಕೂರಿಸಿದರೆ ಗುಂಡುಗಳು ಒಂದರ ಬೆನ್ನಿಗೆ ಒಂದು ಹಾರುತ್ತವಂತೆ. ಫೋನಿನಲ್ಲಿ ವಿಡಿಯೊ ನೋಡಿ, ಯಾರ ಕೈಲೋ ಹೊರದೇಶದಿಂದ ತರಿಸಿಕೊಂಡಿದ್ದ.

ಗನ್ನು ನಮ್ಮ ಬೀರುವಿನಲ್ಲಿತ್ತು. ಮಾವನವರ ಜೋಡಿನಳಿಗೆ ಬಂದೂಕು, ಹೇರೋಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದ್ದು. ಹೊಲ ಸೈಟುಗಳಾದವು, ಮಾವ ಹೋದರು, ಲೈಸೆನ್ಸು ನಮ್ಮ ಯಜಮಾನರ ಹೆಸರಿಗೆ ಬಂತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವವಳು ನಾನೇ. ಮರದ ಹಿಡಿಯ ಗೀರಿನಲ್ಲಿ ಹಳೆಯ ಕುಂಕುಮ ಕಪ್ಪಾಗಿ ಕೂತಿದೆ. ಈಗ ಉಳಿದಿರುವ ಒಂದು ಸೈಟಿನೊಳಕ್ಕೆ ಪಕ್ಕದವರು ಬೇಲಿ ಸರಿಸಿದ್ದಾರೆಂದು ಮೈದುನನಿಗೆ ಉರಿ. ಬೇಲಿಯ ಬಳಿ ನಿಂತು ಪಟಪಟ ಅನ್ನಿಸಿಬಿಟ್ಟರೆ ಸಾಕು ಎಂದು ಅವನ ಯೋಚನೆ.

ಯಜಮಾನರು ಬೀರು ತೆಗೆದೇಬಿಟ್ಟರು. ತಮ್ಮನಿಗೆ ಇಲ್ಲ ಎನ್ನುವ ಬಾಯಿ ಅವರಿಗಿಲ್ಲ. ನಾನು ಇಸ್ತ್ರಿ ಮಾಡಿ ಹಾಸಿದ್ದ ಮೇಜುಬಟ್ಟೆಯ ಮೇಲೆ ಗನ್ನು ಮಲಗಿತು. ಮೈದುನ ಡಬ್ಬಿಯನ್ನು ಹೀಗೆ ಹಿಡಿದ, ಹಾಗೆ ತಿರುಗಿಸಿದ. ನಮ್ಮದರಲ್ಲಿ ಎರಡು ನಳಿಗೆಗೆ ಎರಡು ಕೊಕ್ಕೆ. ಎರಡು ಗುಂಡು ಹಾರಿದರೆ ಮುಗಿಯಿತು, ನಳಿಗೆ ಮಡಚಿ ಕೈಯಿಂದ ಮತ್ತೆ ತುಂಬಬೇಕು. ಅದಕ್ಕೆ ಅವಸರದ ಟ್ರಿಗರ್ ಏನು ಮಾಡೀತು? ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದರ ಜಾರು ಕೂರುವುದಿಲ್ಲ ಎಂದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು. ಇವನು ಮಿಕ್ಸಿಯ ಜಾರನ್ನು ಒರಳುಕಲ್ಲಿಗೆ ಕೂರಿಸಲು ಬಂದಿದ್ದ.

"ಅತ್ತಿಗೆ, ನೀವು ಕಾನ್ವೆಂಟಲ್ಲಿ ಓದಿದೋರು. ಮಾರಿದೋನಿಗೆ ಇಂಗ್ಲಿಷಲ್ಲಿ ಒಂದು ಮೆಸೇಜ್ ಹಾಕಿ, ಡಬಲ್ ಬ್ಯಾರೆಲ್‌ಗೆ ಹೆಂಗೆ ಫಿಟ್ ಮಾಡೋದು ಅಂತ. ನಿಮ್ಮ ಫೋನಿಂದಾನೇ."

ಹಾಕಲ್ಲ ಎಂದೆ.

"ನೋಡಣ್ಣ, ಪ್ಲೀಸ್ ಥ್ಯಾಂಕ್ಯೂ ಅನ್ನೋಕೆ ಮಾತ್ರ ಇಂಗ್ಲಿಷ್ ಕಲ್ತಿದ್ದಾರೆ."

ಯಜಮಾನರು ನನ್ನತ್ತ ನೋಡದೆ, ಒಂದು ಮೆಸೇಜ್ ತಾನೆ ಎಂದು ಗೊಣಗಿದರು. ಸ್ವಲ್ಪ ಉಜ್ಜಿದರೆ ತಾನಾಗಿ ಕೂರುತ್ತದೆ ಎಂದು ಮೈದುನ ಅರ ಎತ್ತಿಕೊಂಡ. ಅದು ಗನ್ನಿನ ಕಬ್ಬಿಣಕ್ಕೆ ತಾಗಿ ಕಿರ್ರೆಂದಿತು. ನಾನು ಮೇಜುಬಟ್ಟೆಯ ಅಂಚು ಎಳೆದು ಗನ್ನಿನ ಮೇಲೆ ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿದೆ.

"ಲೈಸೆನ್ಸ್ ನಿಮ್ಮ ಹೆಸರಲ್ಲಿದೆ ಕಣ್ರೀ. ಟ್ರಿಗರ್ ಬದಲಾಯಿಸಿದ್ದು ಗೊತ್ತಾದ್ರೆ ಜೈಲಿಗೆ ಹೋಗೋರು ನೀವು. ನಿಮ್ಮ ತಮ್ಮ ನೋಡೋಕೆ ಬರ್ತಾನೆ, ಅಷ್ಟೆ."

ಚುನಾವಣೆ ಬಂತೆಂದರೆ ಲೈಸೆನ್ಸಿನ ಗನ್ನುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಈ ಸಲದ ಚುನಾವಣೆಗೆ ಠಾಣೆಯಿಂದ ಆಗಲೇ ಫೋನ್ ಬಂದಿತ್ತು. ಇವರು ನಾಳೆ ನಾಳೆ ಎನ್ನುತ್ತಿದ್ದರು. ಇವತ್ತೇ ಕೊಟ್ಟು ಬನ್ನಿ, ಇಲ್ಲವಾದರೆ ಈ ಡಬ್ಬಿಯ ಸಮೇತ ನಾನೇ ಒಯ್ಯುತ್ತೇನೆ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೈದುನ ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು, ಈ ಮನೆಯಲ್ಲಿ ಇನ್ನು ನೀರೂ ಮುಟ್ಟುವುದಿಲ್ಲ ಎಂದು ಹೊರಟ. ಅವನಿಗೆಂದು ಬೆರೆಸಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಸಿಂಕಿಗೆ ಸುರಿದೆ. ಚೂರೂ ಬೇಸರವಾಗಲಿಲ್ಲ.

ಮಧ್ಯಾಹ್ನ ಯಜಮಾನರು ಗನ್ನು ಒಪ್ಪಿಸಿ ಬಂದರು. ಕೊಕ್ಕೆಯ ಹತ್ತಿರದ ಹೊಸ ಗೀರು ನೋಡಿ ಠಾಣೆಯವರು ಏನಿದು ಎಂದರಂತೆ. ಬೀರುವಿನ ಬಾಗಿಲು ತಗುಲಿದ್ದು ಎಂದರಂತೆ ಇವರು. ಇಷ್ಟು ಹೇಳಿ ಟಿವಿ ಹಾಕಿಕೊಂಡರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾನು ಎರಡನೆಯ ಸಲ ಕರೆಯಲಿಲ್ಲ.

ಸಂಜೆ ದೀಪ ಹಚ್ಚಿ, ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಪಕ್ಕದ ತಾರಸಿಯಲ್ಲಿ ನೆರೆಮನೆಯಾಕೆ ಸಂಡಿಗೆ ಎತ್ತುತ್ತಿದ್ದರು. ಅವರ ತಮ್ಮನಿಗೆ ಶೂಟಿಂಗ್ ಸ್ಪರ್ಧೆಗಳ ಹುಚ್ಚು. ಅವನ ಮನೆಯಲ್ಲಿ ಒಂದೆರಡು ಗನ್ನುಗಳಿವೆ.

"ಬೆಳಿಗ್ಗೆ ನಿಮ್ಮ ಮೈದುನ ಗೇಟ್ ಹತ್ರ ಸಿಕ್ಕಿ ನಮ್ಮ ತಮ್ಮನ ನಂಬರ್ ಇಸ್ಕೊಂಡ್ರು. ಏನೋ ಜೇಬಿಂದ ತೆಗೆದು ತೋರಿಸಿ, ಇದು ಅವನ ಗನ್ನಿಗೆ ಕೂರತ್ತಾ ಅಂತಿದ್ರು," ಎಂದು ಒಂದು ಸಂಡಿಗೆ ಮುರಿದು ಒಣಗಿದೆಯೇ ನೋಡಿದರು. "ಕುಕ್ಕರ್ ಗ್ಯಾಸ್ಕೆಟ್ ಕೇಳ್ದಂಗೆ."