ಮುಖಪುಟದ ಅಕ್ಷರ ಯಾರದು

ಮೋರಟಗಿಯ ಗುರಲಿಂಗಪ್ಪ ಮೂವತ್ತೊಂದು ವರ್ಷ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಹುಟ್ಟಿದ್ದು ಕುರಿ ಕಾಯುವ ಮನೆತನದಲ್ಲಿ. ನಿವೃತ್ತರಾದ ಮೇಲೆ, ಕುರಿಗಳ ರೋಗ, ಔಷಧಿಯ ಬಗ್ಗೆ ತಮಗೆ ಗೊತ್ತಿದ್ದದ್ದು ತಮ್ಮ ಜೊತೆಗೇ ಮಣ್ಣಾಗಬಾರದೆಂದು ಎರಡು ವರ್ಷ ಕೂತು ಒಂದು ಪುಸ್ತಕ ಬರೆದರು. ಹೆಸರು ‘ಕುರಿ ಬ್ಯಾನಿಗೆ ಮದ್ದು’. ಪ್ರಕಾಶಕರ ದಾರಿ ಕಾಯಲಿಲ್ಲ. ಸಿಂದಗಿಯಲ್ಲಿ ಶಹಾಬುದ್ದೀನನ ಡಿಟಿಪಿ ಅಂಗಡಿಯಲ್ಲಿ ಪುಟ ಸಿದ್ಧಮಾಡಿಸಿ, ೨೦೦೪ರಲ್ಲಿ ಸ್ವಂತ ಖರ್ಚಿನಿಂದ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಹೆಗಲಿಗೆ ಚೀಲ ಹಾಕಿಕೊಂಡು ಕುರಿಹಟ್ಟಿಗಳಿಗೆ ಹೋಗಿ ತಾವೇ ಮಾರಿದರು. ಓದು ಬಾರದವರೂ ಮಕ್ಕಳಿಂದ ಓದಿಸಿಕೊಳ್ಳುತ್ತೇವೆಂದು ಕೊಂಡರು.

ಒಂದು ದಿನ ಕಾಲೇಜಿನಲ್ಲಿ ಕಲಿಸುವ ಅರುಣಕುಮಾರ ಪುಸ್ತಕಕ್ಕೆಂದು ಮನೆಗೆ ಬಂದರು. ಮುಖಪುಟದ ದಪ್ಪ ಅಕ್ಷರ ನೋಡಿ, ಇದು ಧಾರವಾಡದ ಸುನೀತಾ ಎಂಬ ಕಲಾವಿದೆ ಕಂಪ್ಯೂಟರಿಗೆಂದು ರೂಪಿಸಿದ ಫಾಂಟ್ ಅಲ್ಲವೇ ಎಂದರು. ಆಕೆ ಅದನ್ನು ಮನೆಬಳಕೆಗೆ ಪುಕ್ಕಟೆ ಕೊಟ್ಟಿದ್ದಾರೆ, ಮಾರುವ ಪುಸ್ತಕಕ್ಕಾದರೆ ಪರವಾನಿಗಿ ಪಡೆಯಬೇಕು ಎಂದೂ ಹೇಳಿದರು. ಕಂಪ್ಯೂಟರಿನ ಅಕ್ಷರಕ್ಕೂ ಮಾಲಕರಿರುತ್ತಾರೆಂದು ಗುರಲಿಂಗಪ್ಪನವರಿಗೆ ಗೊತ್ತಾದದ್ದು ಆವತ್ತೇ. ನೌಕರಿಯಲ್ಲಿದ್ದಾಗ ಸರಕಾರದ ಒಂದು ಚಮಚ ಪುಡಿಯನ್ನೂ ಮನೆಗೆ ತಾರದ ಮನುಷ್ಯ.

ಮುಂದಿನ ಬಸ್ಸಿಗೇ ಸಿಂದಗಿಗೆ ಹೋದರು. ಶಹಾಬುದ್ದೀನ ಏನೂ ಮುಚ್ಚಿಡಲಿಲ್ಲ.

“ಕಾಕಾ, ಒಳಗಿನ ಅಕ್ಷರ ರೊಕ್ಕಾ ಕೊಟ್ಟು ತಗೊಂಡೇನ್ರಿ. ಮ್ಯಾಲಿಂದು ದೋಸ್ತನ ಸೀಡಿಯಿಂದ ಹಾಕ್ಕೊಂಡಿದ್ದೆ. ಪರವಾನಿಗಿ ಬೇಕಂತ ನನಗೂ ಗೊತ್ತಿರಲಿಲ್ಲ.”

ಇಬ್ಬರೂ ಸೇರಿ, ಅರುಣಕುಮಾರರಿಂದ ವಿಳಾಸ ಪಡೆದು, ಆಕೆಗೆ ಇದ್ದದ್ದು ಇದ್ದಂತೆ ಪತ್ರ ಬರೆದು, ಪುಸ್ತಕದ ಒಂದು ಪ್ರತಿಯನ್ನೂ ಇಟ್ಟು ಕಳಿಸಿದರು. ಉಳಿದ ಪುಸ್ತಕದ ಗಂಟುಗಳನ್ನು ಗುರಲಿಂಗಪ್ಪ ಹೊರಸಿನ ಕೆಳಗೆ ತಳ್ಳಿ ಮೇಲೆ ಕಂಬಳಿ ಹೊದಿಸಿದರು.

“ಕದ್ದ ಮಾಲಿನಂಗ ಯಾಕ ಮುಚ್ಚತೀರಿ?” ಹೆಂಡತಿ ಹುಚ್ಚವ್ವ ಕೇಳಿದರು.

“ಆಕಿ ಏನಂತಾಳ ತಿಳಿಯೂ ಮಟಾ ಕದ್ದ ಮಾಲ ಅಂತನ ತಿಳಕೋ.”

ಪುಸ್ತಕ ಕೇಳಿ ಬಂದವರಿಗೆಲ್ಲ ಆಮೇಲೆ ಬರಲು ಹೇಳಿ, ಬೇಕಾದ ಮದ್ದನ್ನು ಮಾತ್ರ ಚೀಟಿಯಲ್ಲಿ ಕೈಯಾರೆ ಬರೆದುಕೊಟ್ಟರು. ಊಟ ಸೇರುತ್ತಿರಲಿಲ್ಲ. ಟಪಾಲಿನವನು ಬರುವ ಹೊತ್ತಿಗೆ ಕಟ್ಟೆಗೆ ಬಂದು ಕೂತುಬಿಡುತ್ತಿದ್ದರು.

ಮೂರನೆಯ ವಾರ ಉತ್ತರ ಬಂತು. ತೆರೆಯುವ ಧೈರ್ಯವಾಗದೆ ಅದನ್ನು ಸಿಂದಗಿಗೆ ಒಯ್ದರು. ಶಹಾಬುದ್ದೀನ ನಿಂತೇ ಓದಿದ. ಪರವಾನಿಗಿ ಪಡೆಯಬೇಕಾದವನು ಅಕ್ಷರವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡವನು, ಪುಸ್ತಕ ಬರೆದವರಲ್ಲ. ಅಂಗಡಿಯವರು ಒಮ್ಮೆ ಶುಲ್ಕ ಕಟ್ಟಿದರೆ ಎಷ್ಟು ಪುಸ್ತಕಕ್ಕೂ ಬಳಸಬಹುದು. ಈಗಾಗಲೇ ಅಚ್ಚಾದ ಪ್ರತಿಗಳನ್ನು ಮಾರಲು ತಮ್ಮದೇನೂ ಅಡ್ಡಿಯಿಲ್ಲ. ಆದರೆ ಮುಖಪುಟದಲ್ಲಿ ‘ಮದ್ದು’ ಎಂಬುದರ ‘ದ್ದು’ವಿನ ಒತ್ತು ಬಹಳ ಕೆಳಗಿಳಿದು ಅಲ್ಲಿನ ಚಿತ್ರದ ಟಗರಿನ ಕೊಂಬಿಗೆ ತಾಗಿದೆ, ಅದು ತಮ್ಮ ತಪ್ಪು, ತಿದ್ದಿದ ಅಕ್ಷರದ ಸೀಡಿ ಕಳಿಸುತ್ತೇನೆ ಎಂದು ಆಕೆ ಬರೆದಿದ್ದರು.

“ಅಡ್ಡಿಯಿಲ್ಲ ಅಂದದ್ದು ಇನ್ನೊಮ್ಮೆ ಓದಪಾ,” ಎಂದರು ಗುರಲಿಂಗಪ್ಪ. ಶಹಾಬುದ್ದೀನ ಓದಿದ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟು, ಎಷ್ಟೋ ದಿನಗಳ ಉಸಿರನ್ನು ಒಮ್ಮೆಲೇ ಬಿಟ್ಟರು. ಶಹಾಬುದ್ದೀನ ಅಂದೇ ಶುಲ್ಕವನ್ನು ಆಕೆಗೆ ಮನಿಯಾರ್ಡರ್ ಮಾಡಿದ.

ಮರುದಿನ ಬೆಳಿಗ್ಗೆ ಗುರಲಿಂಗಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡು, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಕನ್ನೊಳ್ಳಿಯ ಬಸ್ಸು ಹತ್ತಿದರು. ಸಂಜೆಯೊಳಗೆ ಚೀಲ ಖಾಲಿಯಾಯಿತು.