ಹಳದಿ ಪ್ರೋಟೀನಿನ ಅಕ್ಕ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಮಧುಗಿರಿ ದಾಟಿ ಪಾವಗಡದ ರಸ್ತೆಯಲ್ಲಿ, ನಾನು ಹಿಡಿದಿದ್ದ ಸ್ಟಿಯರಿಂಗಿನ ಮೇಲೆ ಒಂದು ಕೈ ಬಂತು. ಅತಿ ಶೀತದ ಡಬ್ಬಿಗಳನ್ನು ಮುಟ್ಟಿ ಮುಟ್ಟಿ ಬೆರಳ ತುದಿ ಒರಟಾಗಿದ್ದ, ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದ ಕೈ. ನಮ್ಮ ಲ್ಯಾಬಿನ ಅಕ್ಕನ ಕೈ.

ಕೊರಟಗೆರೆ ಹತ್ತಿರದ ಸಣ್ಣ ಕಂಪನಿಯೊಂದರಲ್ಲಿ ಅಕ್ಕ ಹಿರಿಯ ವಿಜ್ಞಾನಿ, ನಾನು ಎಂ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದವಳು. ಮೊದಲ ದಿನ ಮೇಡಂ ಅಂದಿದ್ದಕ್ಕೆ, ಮೇಡಮ್ಮು ಇಸ್ಕೂಲಲ್ಲಿ ಇರ್ತಾರೆ, ಇಲ್ಲಿ ಅಕ್ಕ ಅನ್ನು ಅಂದಿದ್ದರು. ಪಾವಗಡದವರು. ಪ್ರಯೋಗ ಕೆಟ್ಟರೆ ತೆಲುಗಿನಲ್ಲಿ ಬೈಯುತ್ತಿದ್ದರು, ಗೆದ್ದರೆ ಕನ್ನಡದಲ್ಲಿ ಹೊಗಳುತ್ತಿದ್ದರು. ಹಾಗಾಗಿ ಬಹಳ ದಿನ ನಾನು ಕೇಳಿದ್ದು ತೆಲುಗೇ.

ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗ ಮೈಟೊಕಾಂಡ್ರಿಯಾ. ಕೊಬ್ಬನ್ನು ಉರಿಸಲು ಅಲ್ಲೊಂದು ಪ್ರೋಟೀನಿದೆ. ಅದರ ಮಾನವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅವುಗಳಿಂದಲೇ ಪ್ರೋಟೀನು ಮಾಡಿಸಿ, ಶುದ್ಧಗೊಳಿಸಿ ಸಂಶೋಧಕರಿಗೆ ಕೊಡಬೇಕೆಂಬುದು ಅಕ್ಕನ ಹಟ. ಸರಿಯಾಗಿ ಬಂದರೆ ಅದು ತಿಳಿ ಹಳದಿ; ಕೆಟ್ಟರೆ ಒಡೆದ ಹಾಲಿನಂಥ ಬಿಳಿ ಗಷ್ಟು. ತಿಂಗಳುಗಟ್ಟಲೆ ಗಷ್ಟೇ ಬಂತು. ವಿದೇಶದಿಂದ ತರಿಸಿ ಮಾರಿದರಾಯ್ತು ಅಂದರು ಮಾಲೀಕರು. ಆತ್ರ ಮಾಡಿದ್ರೆ ಹುಳಾನೂ ಕೆಲ್ಸ ಕೆಡಿಸ್ತದೆ ಎನ್ನುತ್ತಾ ಅಕ್ಕ ಬ್ಯಾಕ್ಟೀರಿಯಾವನ್ನು ಇನ್ನಷ್ಟು ತಂಪಿನಲ್ಲಿ, ಇನ್ನಷ್ಟು ನಿಧಾನವಾಗಿ ಬೆಳೆಸಿದರು. ಒಂದು ಬೆಳಿಗ್ಗೆ ಗಾಜಿನ ಕೊಳವೆಗೆ ಹಳದಿ ಇಳಿಯಿತು. ಅಕ್ಕ ಮುಖ ಒರೆಸಿಕೊಂಡು, ಅಚ್ಚ ಕನ್ನಡದಲ್ಲಿ, ನೋಡಮ್ಮ ಅಂದರು.

ಮೊದಲ ಕಂತು ಗಡಿಯಾಚೆ, ಆಂಧ್ರದ ಒಂದು ಸಂಶೋಧನಾಲಯಕ್ಕೆ ಹೋಗಬೇಕಿತ್ತು. ಅಲ್ಲಿ ಅದು ಕೆಲಸ ಮಾಡದಿದ್ದರೆ ಇಲ್ಲಿಗೆ ನಿಲ್ಲಿಸೋಣ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಕೊರಿಯರ್‌ಗೆ ಕೊಡಲು ಅಕ್ಕ ಒಪ್ಪಲಿಲ್ಲ. ದಾರಿಯಲ್ಲೇ ಪಾವಗಡ ಸಿಗುವಾಗ ಅಮ್ಮನ ಮನೆಗೆ ಬರಿಗೈಯಲ್ಲಿ ಹೋಗುವುದು ಹೆಂಗೆ ಎಂದು ಡಿಕ್ಕಿಯ ತುಂಬ ತೆಂಗಿನಕಾಯಿ ಹೇರಿದರು. ಪ್ರೋಟೀನಿನ ಥರ್ಮಾಕೋಲ್ ಪೆಟ್ಟಿಗೆ ಹಿಂದಿನ ಸೀಟಿಗೆ ಬಂತು. ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಇಡುವಂತೆ ಅದಕ್ಕೆ ಡ್ರೈ ಐಸನ್ನೂ ಎರಡರಷ್ಟು ಸುರಿದೆವು. ಬಿಸಿಲೆಂದು ಗಾಜು ಏರಿಸಿ ಏಸಿ ಹಾಕಿಕೊಂಡೆವು. ಡ್ರೈ ಐಸ್ ನೀರಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೊರಬರುತ್ತದೆ, ಮುಚ್ಚಿದ ಜಾಗದಲ್ಲಿ ಉಸಿರುಗಟ್ಟಿಸುತ್ತದೆ. ಲ್ಯಾಬಿನಲ್ಲಿ ಕಿಟಕಿ ತೆರೆಯದೆ ಅದನ್ನು ಮುಟ್ಟದ ನಾವಿಬ್ಬರೂ ಕಾರಿನಲ್ಲಿ ಅದನ್ನು ಮರೆತೆವು.

ತಲೆ ಸಿಡಿಯತೊಡಗಿತು. ಓಡಿ ಬಂದವಳಂತೆ ಏದುಸಿರು. ಬಿಸಿಲಿನ ಜಳ ಅಂದುಕೊಂಡೆ. ಎದುರಿನಿಂದ ಲಾರಿ ಬರುತ್ತಿತ್ತು. ನಾನು ಅದರತ್ತಲೇ ವಾಲುತ್ತಿದ್ದೆ, ಯಾರದೋ ಕಾರನ್ನು ನೋಡುವವಳಂತೆ ಸುಮ್ಮನೆ ನೋಡುತ್ತಿದ್ದೆ. ಆ ಕೈ ಬಂದದ್ದು ಆಗ.

“ಬ್ರೇಕ್ ಒತ್ತು. ಗಾಜು ಇಳ್ಸು ಕಣಮ್ಮ, ಗಾಜು ಇಳ್ಸು.”

ಕಾರು ಎಡಕ್ಕೆ, ಮಣ್ಣಿಗೆ ಇಳಿದು ನಿಂತಿತು. ಲಾರಿ ಹಾರ್ನ್ ಒತ್ತುತ್ತಲೇ ಹಾದುಹೋಯಿತು. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆಳೆದು, ನಾಲ್ಕೂ ಬಾಗಿಲು ತೆರೆದು, ಪೆಟ್ಟಿಗೆಯನ್ನು ಎತ್ತಿ ಬಿಸಿಲಿಗೇ ಇಟ್ಟರು. ತೊದಲುತ್ತಾ ನಾನು, ಅಕ್ಕ, ಪ್ರೋಟೀನು ಬಿಸಿಲಲ್ಲಿದೆ ಅಂದೆ.

“ಅದು ಹೋದ್ರೆ ಇನ್ನೊಂದ್ಸಲ ಮಾಡ್ತೀನಿ. ನಿನ್ನ ಮಾಡಕ್ಕೆ ನಂಗೆ ಬರಲ್ಲ. ಕೂತ್ಕ ಇಲ್ಲಿ.”

ಅವರಿಗೂ ಏದುಸಿರು. ಕುರಿ ಮೇಯಿಸುತ್ತಿದ್ದ ಒಬ್ಬರು ನಮಗೆ ನೀರು ತಂದುಕೊಟ್ಟು, ಪೆಟ್ಟಿಗೆಯಿಂದ ಬರುತ್ತಿದ್ದ ಹೊಗೆ ಕಂಡು ಹಿಂದೆ ಸರಿದು, ಏನದು ಅಂದರು. ಮನುಷ್ಯನ ಪ್ರೋಟೀನು ಅಂದರು ಅಕ್ಕ.

“ಯಾರ್ದು?”

“ಯಾರ್ದೂ ಅಲ್ಲ ಕಣಣ್ಣ. ಕಣ್ಣಿಗೆ ಕಾಣದ ಹುಳ ಮಾಡಿದ್ದು.”

“ಅಂಗಾದ್ರೆ ಕಷ್ಟ ಹುಳದ್ದು, ಹೆಸ್ರು ಮನುಷ್ಯಂದು ಅನ್ನಿ.”

ನಾನು ನಕ್ಕೆ. ಬದುಕಿದ್ದೇನೆಂದು ಗೊತ್ತಾದದ್ದು ಆ ನಗುವಿನಲ್ಲಿ. ಅಕ್ಕ ತೆಂಗಿನಕಾಯಿಗಳನ್ನು ಅವರ ಮುಂದೆ ಸುರಿದು, ಪೆಟ್ಟಿಗೆಯನ್ನು ಡಿಕ್ಕಿಗಿಟ್ಟರು. ಉಳಿದ ದಾರಿ ಅಕ್ಕನೇ ಓಡಿಸಿದರು, ಗಾಜುಗಳನ್ನೆಲ್ಲ ಇಳಿಸಿ, ಧೂಳು ಕುಡಿಯುತ್ತಾ, ಪಾವಗಡದ ಸೋಲಾರ್ ಫಲಕಗಳ ನಡುವೆ.

ಆ ಸಂಶೋಧನಾಲಯದಲ್ಲಿ ಒಂದು ಕೊಳವೆಯಲ್ಲಿ ಹೆಪ್ಪುಗಟ್ಟಿದ್ದುದನ್ನು ಕರಗಿಸಿ ಬೆಳಕಿಗೆ ಹಿಡಿದರು. ತಿಳಿ ಹಳದಿ. ಮರುದಿನದ ಪರೀಕ್ಷೆಯಲ್ಲಿ ಅದು ಅವರ ಹತ್ತಿರವಿದ್ದ ವಿದೇಶದ ಪ್ರೋಟೀನಿಗಿಂತ ಚುರುಕಾಗಿ ಕೆಲಸ ಮಾಡಿತು. ಅಕ್ಕ ಮಾಲೀಕರಿಗೆ ಫೋನು ಮಾಡಿದರು. “ಸಾರ್, ಇನ್ಮೇಲೆ ನಾವು ತರ್ಸೋದಲ್ಲ. ಕಳ್ಸೋದು.”

ಗೆದ್ದು ಬಂದ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಲಾರಿ. ಕಿಟಕಿ ತೆರೆದಿದೆಯೇ ನೋಡಲು ಎದ್ದೆದ್ದು ಹೋಗುತ್ತಿದ್ದೆ. ಎರಡನೆಯ ಕಂತು ಒಯ್ಯುವ ದಿನ ಅಕ್ಕ ಕಾರಿನ ಕೀ ನನ್ನ ಕೈಗಿಟ್ಟರು. ಆಗಲ್ಲ ಅಕ್ಕ ಅಂದೆ.

“ತಪ್ಪು ಇಬ್ಬರ್ದೂ. ಭಯ ಮಾತ್ರ ನೀನೊಬ್ಳೇ ಯಾಕೆ ಇಟ್ಕಂಡಿದ್ದೀಯ? ನಡಿ.”

ಓಡಿಸಿದೆ. ಅದೇ ಜಾಗದಲ್ಲಿ ಎದುರಿನಿಂದ ಇನ್ನೊಂದು ಲಾರಿ ಬಂತು. ದಾರಿ ಬಿಟ್ಟುಕೊಟ್ಟೆ, ಹೋಯಿತು. ಅಕ್ಕನ ಸದ್ದೇ ಇಲ್ಲ. ಗಾಬರಿಯಾಗಿ ತಿರುಗಿದರೆ ಕಣ್ಣು ಮುಚ್ಚಿ ಸೀಟಿಗೊರಗಿದ್ದಾರೆ. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಬಗ್ಗಿದೆ.

“ಬದುಕಿದ್ದೀನಿ ಕಣಮ್ಮ. ರೋಡ್ ನೋಡು,” ಅಂದವರು, ನಿಜವಾಗಿಯೂ ಗೊರಕೆ ಹೊಡೆಯತೊಡಗಿದರು.

ಪ್ರೋಟೀನು ತಲುಪಿಸಿ, ಅಂದು ಪಾವಗಡದಲ್ಲಿ ಅವರ ಅಮ್ಮನ ಮನೆಯಲ್ಲಿ ಉಳಿದೆವು. ಜಗಲಿಯ ಚಾಪೆಯ ಮೇಲೆ ಮಲಗಿದ್ದಷ್ಟೇ ಗೊತ್ತು. ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು.